ಎರಡನೇ ಸಂಪುಟದ ಬೆನ್ನು ಕೊನೆಗೂ ನೆಟ್ಟಗೆ ನಿಂತಿತು

ನಾನು ಹವ್ಯಾಸಕ್ಕೆ ಬೈಂಡ್ ಮಾಡುತ್ತಿರುವ, ಮಾಸ್ಕೋ ಮತ್ತು ಪೀಕಿಂಗ್ (ಇಂದಿನ ಬೀಜಿಂಗ್) ಕಮ್ಯುನಿಸ್ಟ್ ಪಕ್ಷಗಳ ಜಗಳದ ಪತ್ರವ್ಯವಹಾರದ ಎರಡನೇ ಸಂಪುಟ, ಅಂದರೆ 1963ರ ಮಾರ್ಚ್‌ನಿಂದ 1964ರ ಜುಲೈವರೆಗಿನ ಭಾಗ, ಕಳೆದ ವಾರ ಬೈಂಡಿಂಗ್ ಪ್ರೆಸ್‌ನಿಂದ ಹೊರಬಂದಿದೆ. ಮೇಜಿನ ಮೇಲೆ ಬಿಡಿಸಿಟ್ಟರೆ ಯಾವ ಪುಟದಲ್ಲೂ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಬೆನ್ನು ತಲೆಯಿಂದ ಬಾಲದವರೆಗೆ ಒಂದೇ ದಪ್ಪದಲ್ಲಿದೆ, ಮೂಲ ಪ್ರತಿಗಳಿಗೆ ಬೈಂಡಿಂಗ್‌ನ ಒಂದು ಹನಿ ಅಂಟೂ ತಾಗಿಲ್ಲ. ಈ ಮೂರೂ ಒಟ್ಟಿಗೆ ಸಾಧ್ಯವಾಗುವುದಿಲ್ಲವೆಂದು ಬೇಸಿಗೆಯಲ್ಲಿ ನನಗೆ ಹೇಳಿದ್ದ ಗೆಳೆಯರೇ ಈಗ ಬಂದು ಸಂಪುಟವನ್ನು ತಿರುವಿ ನೋಡಿದ್ದಾರೆ.

ಬಾಗೇಪಲ್ಲಿ ಕಡೆಯ ಹಳೆಯ ಕಾರ್ಯಕರ್ತರೊಬ್ಬರ ಮನೆಯವರು ಚಿಕ್ಕಬಳ್ಳಾಪುರಕ್ಕೆ ತಂದುಕೊಟ್ಟ ಮೂಲ ಕಾಗದಗಳ ಕಟ್ಟಿನಲ್ಲಿ ಪೀಕಿಂಗ್‌ನ ವಿದೇಶಿ ಭಾಷಾ ಮುದ್ರಣಾಲಯದ ಇಂಗ್ಲಿಷ್ ಕಿರುಹೊತ್ತಿಗೆಗಳು, ಸೋವಿಯತ್ ಕಡೆಯ ಉತ್ತರಗಳು, ‘ಪೀಕಿಂಗ್ ರಿವ್ಯೂ’ ವಾರಪತ್ರಿಕೆಯ ಬಿಡಿ ಸಂಚಿಕೆಗಳು, ವಿಜಯವಾಡದಲ್ಲಿ ಅಚ್ಚಾದ ತೆಲುಗು ಹೊತ್ತಿಗೆಗಳು ಎಲ್ಲವೂ ಬೆರೆತುಹೋಗಿದ್ದವು. ತುಕ್ಕು ಹಿಡಿದ ಪಿನ್ನು ಬಿಡಿಸಿದ್ದು, ಒಣ ಕುಂಚದಿಂದ ಧೂಳು ತೆಗೆದದ್ದು, ಹರಿದ ಅಂಚುಗಳಿಗೆ ಗೋಧಿ ಗಂಜಿಯಲ್ಲಿ ತೆಳು ಟಿಶ್ಯೂ ಕಾಗದ ಕೂರಿಸಿದ್ದು ಎಲ್ಲರಿಗೂ ಗೊತ್ತಿರುವ ಕೆಲಸ. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಅನುಕ್ರಮದ ಪ್ರಶ್ನೆ, ಮತ್ತು ಆ ಅನುಕ್ರಮ ಹುಟ್ಟುಹಾಕಿದ ಬೆನ್ನಿನ ಉಬ್ಬು.

ಬೈಂಡಿಂಗ್‌ಗೆ ಸುಲಭವಾದ ದಾರಿಯೆಂದರೆ ಮಾಸ್ಕೋದ್ದನ್ನೆಲ್ಲ ಒಂದು ಸಂಪುಟವಾಗಿ, ಪೀಕಿಂಗ್‌ನದ್ದನ್ನೆಲ್ಲ ಇನ್ನೊಂದು ಸಂಪುಟವಾಗಿ ಕಟ್ಟುವುದು. ಒಂದೇ ಅಳತೆ, ಒಂದೇ ಕಾಗದ, ಹೊಲಿಗೆ ತೊಂದರೆ ಕೊಡುವುದಿಲ್ಲ. ಗ್ರಂಥಾಲಯಗಳಲ್ಲಿ ಇಂಥವು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಆದರೆ ಹಾಗೆ ಕಟ್ಟಿದಾಗ ಓದುವವನಿಗೆ ಸಿಗುವುದು ಎರಡು ಭಾಷಣಗಳೇ ಹೊರತು ಒಂದು ಜಗಳವಲ್ಲ. 1963ರ ಮಾರ್ಚ್ 30ರಂದು ಸೋವಿಯತ್ ಪಕ್ಷದ ಕೇಂದ್ರ ಸಮಿತಿ ಬರೆದ ಪತ್ರ, ಅದಕ್ಕೆ ಜೂನ್ 14ರಂದು ಚೀನೀ ಪಕ್ಷ 25 ಅಂಶಗಳಲ್ಲಿ ಕೊಟ್ಟ ಉತ್ತರ, ಜುಲೈ 14ರ ಸೋವಿಯತ್ ಬಹಿರಂಗ ಪತ್ರ, ಆ ಬಳಿಕ 1963ರ ಸೆಪ್ಟೆಂಬರ್ 6ರಿಂದ 1964ರ ಜುಲೈ 14ರವರೆಗೆ ಪೀಕಿಂಗ್ ಪ್ರಕಟಿಸಿದ ಒಂಬತ್ತು ವ್ಯಾಖ್ಯಾನಗಳು ಇವೆಲ್ಲ ಒಂದರ ಬೆನ್ನಿಗೆ ಇನ್ನೊಂದು ಬರೆದಂಥವು. ಒಬ್ಬರು ಎತ್ತಿದ ಮಾತನ್ನು ಇನ್ನೊಬ್ಬರು ಎಲ್ಲಿ ಹಿಡಿದರು, ಎಲ್ಲಿ ಜಾರಿಸಿದರು ಎಂಬುದು ದಿನಾಂಕದ ಪ್ರಕಾರ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಕಾಣುತ್ತದೆ. ಆದ್ದರಿಂದ ನಾನು ದಿನಾಂಕದ ದಾರಿಯನ್ನೇ ಹಿಡಿದೆ.

ದಿನಾಂಕದ ಪ್ರಕಾರ ಜೋಡಿಸಿದ ಕೂಡಲೇ ತೆಳು ಕಾಗದದ ಹೊತ್ತಿಗೆಯ ಮೇಲೆ ದಪ್ಪ ಕಾಗದದ ಹೊತ್ತಿಗೆ, ಅದರ ಮೇಲೆ ಅಗಲವಾದ ವಾರಪತ್ರಿಕೆ, ಮತ್ತೆ ಗಿಡ್ಡ ಹೊತ್ತಿಗೆ ಎಂಬಂತಾಯಿತು. ಮಡಿಕೆಯ ಹತ್ತಿರ ಹರಿದಿದ್ದ ಪ್ರತಿಗಳಿಗೆ ಟಿಶ್ಯೂ ಪಟ್ಟಿ ಹಾಕಿದ್ದರಿಂದ ಬೆನ್ನು ಅಂಚಿಗಿಂತ ದಪ್ಪವಾಗಿ ಇಡೀ ಕಟ್ಟು ಆಪಿನ ಆಕಾರಕ್ಕೆ ತಿರುಗಿತು. ಟೇಪಿನ ಮೇಲೆ ಹೊಲಿದರೆ ಗಿಡ್ಡ ಹೊತ್ತಿಗೆಗಳಿಗೆ ಕೆಟಲ್ ಹೊಲಿಗೆ (ತುದಿಯಲ್ಲಿ ಒಂದು ಹೊತ್ತಿಗೆಯನ್ನು ಕೆಳಗಿನದಕ್ಕೆ ಬಿಗಿಯುವ ಗಂಟು) ಸಿಗುತ್ತಿರಲಿಲ್ಲ. ಬೆನ್ನಿಗೆ ಪಿವಿಎ (ಬಿಳಿಯ ಕೃತಕ ಅಂಟು) ಬಳಿದರೆ ಅರವತ್ತು ವರ್ಷ ಹಳೆಯ ಕಾಗದ ಮಡಿಕೆಯಲ್ಲಿ ಲಟಕ್ಕೆಂದು ಮುರಿಯುತ್ತಿತ್ತು. ಪರಿಹಾರವಾಗಿ ಬಂದದ್ದು ಮಡಿಕೆ ಪಟ್ಟಿ. ಗಟ್ಟಿ ಕಾಗದವನ್ನು ಹಾರ್ಮೋನಿಯಂ ತಿದಿಯಂತೆ ಮಡಚಿ, ಒಂದೊಂದು ಕಣಿವೆಗೆ ಒಂದೊಂದು ಹೊತ್ತಿಗೆಯನ್ನು ಅದರದೇ ಹಳೆಯ ಪಿನ್ನಿನ ತೂತುಗಳಲ್ಲಿ ನೂಲು ಹಾಯಿಸಿ ಹೊಲಿಯುವುದು. ಅಂಟು ಬೀಳುವುದು ಮಡಿಕೆ ಪಟ್ಟಿಯ ಹೊರ ಬೆನ್ನಿಗೆ ಮಾತ್ರ. ಮಡಿಕೆಗಳನ್ನು ಹೊತ್ತಿಗೆಗಳ ದಪ್ಪಕ್ಕೆ ತಕ್ಕಂತೆ ಹೊಂದಿಸಿದರೆ ಬೆನ್ನು ಮತ್ತು ಅಂಚು ಸಮನಾಗುತ್ತವೆ. ನಾಳೆ ಯಾರಿಗಾದರೂ ಒಂದು ಹೊತ್ತಿಗೆಯನ್ನು ಬಿಡಿಸಬೇಕೆನಿಸಿದರೆ ಒಂದು ನೂಲು ಕತ್ತರಿಸಿದರೆ ಸಾಕು.

ಇಷ್ಟು ತಿಳಿದ ಮೇಲೂ ತಡವಾದದ್ದು ಕಾಗದದ ದೆಸೆಯಿಂದ. ಮಡಿಕೆ ಪಟ್ಟಿಗೆ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಲೇಬೇಕು. ಅಡ್ಡ ನಾರಿನ ಕಾಗದವನ್ನು ಮಡಚಿದರೆ ಮಡಿಕೆ ಬಿರಿಯುತ್ತದೆ, ಮಳೆಗಾಲದಲ್ಲಿ ಅಲೆಅಲೆಯಾಗಿ ಏಳುತ್ತದೆ. ಬೆಂಗಳೂರಿನ ಒಬ್ಬ ಸರಬರಾಜುದಾರರಿಗೆ ಉದ್ದ ನಾರಿನ 120 ಜಿಎಸ್ಎಂ ಕಾಗದವೆಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ. ಬಂದ ರಾಶಿಯಲ್ಲಿ ಅರ್ಧ ಉದ್ದ ನಾರು, ಅರ್ಧ ಅಡ್ಡ ನಾರು. ಕೇಳಿದರೆ ಕಾಗದಕ್ಕೆ ದಿಕ್ಕು ಎಲ್ಲಿಂದ ಬರುತ್ತದೆ ಎಂಬ ಉತ್ತರ. ಅವರಿಂದಲೇ ತರಿಸಿದ ಜಪಾನೀ ಟಿಶ್ಯೂ ಒದ್ದೆ ಮಾಡಿ ಎಳೆದರೆ ನಾರು ಬಿಡದೆ ನೇರವಾಗಿ ಕತ್ತರಿಸಿಹೋಗುತ್ತಿತ್ತು. ಅದು ಯಂತ್ರದಲ್ಲಿ ತಯಾರಾದ ತೆಳು ಕಾಗದವೇ ಹೊರತು ಕೋಜೋ (ಹಿಪ್ಪುನೇರಳೆ ಜಾತಿಯ ಗಿಡದ ಉದ್ದ ನಾರಿನ ಜಪಾನೀ ಕಾಗದ) ಅಲ್ಲ. ಹವ್ಯಾಸಿಗಳು ಕೊಳ್ಳುವ ಪ್ರಮಾಣ ಚಿಕ್ಕದಿರಬಹುದು, ಆದರೆ ನಮ್ಮ ಕೈಗೆ ಬರುವ ಮೂಲ ಪ್ರತಿಗಳು ಮತ್ತೆ ಸಿಗುವಂಥವಲ್ಲ. ದಯವಿಟ್ಟು ಪ್ರತಿ ಹಾಳೆಯಿಂದಲೂ ಒಂದು ಚೂರು ಒದ್ದೆ ಮಾಡಿ ಸುರುಳಿ ಯಾವ ಕಡೆ ಏಳುತ್ತದೆಂದು ನೋಡಿಯೇ ಕತ್ತರಿಸಿ.

ಈಗ ಅನುಕ್ರಮದ ಎರಡನೇ ತೊಡಕು. ಜೂನ್ 14ರ ಪತ್ರದ ಪೀಕಿಂಗ್ ಹೊತ್ತಿಗೆಯ ಹಿಂಭಾಗದಲ್ಲಿ ಮಾರ್ಚ್ 30ರ ಸೋವಿಯತ್ ಪತ್ರವನ್ನು ಅನುಬಂಧವಾಗಿ ಅಚ್ಚು ಹಾಕಿದ್ದಾರೆ. ದಿನಾಂಕದ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಾದರೆ ಆ ಅನುಬಂಧವನ್ನು ಬಿಡಿಸಿ ಮುಂದಕ್ಕೆ ತರಬೇಕು. ನಾನು ಬಿಡಿಸಲಿಲ್ಲ. ಎದುರಾಳಿಯ ಪತ್ರವನ್ನು ಪೂರ್ತಿಯಾಗಿ ತನ್ನ ಓದುಗರ ಕೈಗಿಡುವುದು ಆ ದಿನಗಳ ಜಗಳದ ಒಂದು ಮುಖ್ಯ ಲಕ್ಷಣ. ಸೋವಿಯತ್ ಪಕ್ಷವೂ ಜುಲೈ 14ರಂದು ತನ್ನ ಪತ್ರಿಕೆ ‘ಪ್ರಾವ್ದಾ’ದಲ್ಲಿ ತನ್ನ ಬಹಿರಂಗ ಪತ್ರದ ಜೊತೆಗೇ ಚೀನೀ ಪತ್ರವನ್ನು ಪ್ರಕಟಿಸಿತು. ಮಾಸ್ಕೋದಲ್ಲಿ ಸೋವಿಯತ್ ಪಕ್ಷದ ಸುಸ್ಲೋವ್ ಮತ್ತು ಚೀನೀ ಪಕ್ಷದ ದೆಂಗ್ ಶಿಯಾವೊಪಿಂಗ್ ನೇತೃತ್ವದ ನಿಯೋಗಗಳು ಜುಲೈ 5ರಿಂದ 20ರವರೆಗೆ ಎದುರುಬದುರು ಕುಳಿತಿದ್ದಾಗಲೇ ಇದು ನಡೆಯಿತು. ಸಾವಿರಾರು ಮೈಲಿ ದೂರದ ಬಾಗೇಪಲ್ಲಿಯ ಒಬ್ಬ ಓದುಗನೂ ಎರಡೂ ಪತ್ರಗಳನ್ನು ಓದಿ ತನ್ನ ತೀರ್ಮಾನಕ್ಕೆ ಬರಬಹುದಾಗಿತ್ತು, ಬಂದೂ ಇದ್ದಾನೆ: ಅನುಬಂಧದ ಅಂಚಿನಲ್ಲಿ ತೆಲುಗಿನಲ್ಲಿ ಸಣ್ಣ ಪೆನ್ಸಿಲ್ ಟಿಪ್ಪಣಿಗಳಿವೆ, ಮುಂದಿನ ಪತ್ರದ ಯಾವ ಅಂಶಕ್ಕೆ ಇದು ಸಂಬಂಧಿಸಿದೆ ಎಂಬ ಸಂಖ್ಯೆಗಳೊಂದಿಗೆ. ನಾನು ಮಾಡಿದ್ದಿಷ್ಟೆ, ಮಾರ್ಚ್ ಪತ್ರ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಹಾಳೆ ಹೊಲಿದು, ಅದು ಎಲ್ಲಿದೆಯೆಂದು ಬರೆದೆ.

ಆ ಪೆನ್ಸಿಲ್ ಗುರುತುಗಳು ಹೆಚ್ಚಾಗಿ ಬಿದ್ದಿರುವುದು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ವಿಷಯ ಬರುವ ಕಡೆ. ನನಗೂ ಈ ಸಂಪುಟದ ತಿರುಳು ಅಲ್ಲೇ ಇದೆ ಅನ್ನಿಸುತ್ತದೆ. ಚೀನೀ ಪಕ್ಷದ ವಾದದಲ್ಲಿ ಸಾಮ್ರಾಜ್ಯಶಾಹಿಗೆ ನೇರ ಪೆಟ್ಟು ಬೀಳುತ್ತಿರುವುದು ಈ ಮೂರು ಖಂಡಗಳಲ್ಲಿ, ಜಾಗತಿಕ ಕ್ರಾಂತಿಯ ಹಣೆಬರಹ ಒಂದರ್ಥದಲ್ಲಿ ಇಲ್ಲಿನ ಹೋರಾಟಗಳನ್ನೇ ಅವಲಂಬಿಸಿದೆ. ಪರಮಾಣು ಯುದ್ಧವಾದರೆ ಯಾರೂ ಉಳಿಯುವುದಿಲ್ಲ, ಶಾಂತಿಯುತ ಸಹಬಾಳ್ವೆ ವಿಮೋಚನಾ ಹೋರಾಟಗಳಿಗೆ ಅಡ್ಡಿಯಲ್ಲ, ಚೀನೀಯರೇ ಆ ಹೋರಾಟಗಳನ್ನು ಸಮಾಜವಾದಿ ದೇಶಗಳಿಂದಲೂ ಕಾರ್ಮಿಕ ವರ್ಗದಿಂದಲೂ ಬೇರ್ಪಡಿಸುತ್ತಿದ್ದಾರೆ ಎಂಬುದು ಸೋವಿಯತ್ ಉತ್ತರ. 1963ರ ಅಕ್ಟೋಬರ್ 22ರ ನಾಲ್ಕನೇ ವ್ಯಾಖ್ಯಾನದಲ್ಲಿ ಪೀಕಿಂಗ್ ಅಲ್ಜೀರಿಯಾದ ಉದಾಹರಣೆಯನ್ನು ಎತ್ತುತ್ತದೆ. ಅದು ಬರಿಯ ಮಾತಿನ ಪೆಟ್ಟಾಗಿರಲಿಲ್ಲ. ಫ್ರೆಂಚ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಅಲ್ಜೀರಿಯಾದ ತಾತ್ಕಾಲಿಕ ಸರ್ಕಾರ 1958ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ ಕೆಲವೇ ದಿನಗಳಲ್ಲಿ ಚೀನಾ ಮಾನ್ಯತೆ ಕೊಟ್ಟಿತ್ತು. ಸೋವಿಯತ್ ಒಕ್ಕೂಟದ ವಿಧಿವತ್ತಾದ ಮಾನ್ಯತೆ ಬಂದದ್ದು 1962ರ ಮಾರ್ಚ್‌ನಲ್ಲಿ, ಕದನ ವಿರಾಮ ಕುದುರಿದ ಮೇಲೆ. ಅದಕ್ಕೂ ಮೊದಲು 1956ರಲ್ಲಿ ಫ್ರೆಂಚ್ ಕಮ್ಯುನಿಸ್ಟ್ ಪಕ್ಷದ ಸಂಸದರು ಅಲ್ಜೀರಿಯಾದ ವಿಷಯದಲ್ಲಿ ಸರ್ಕಾರಕ್ಕೆ ವಿಶೇಷಾಧಿಕಾರ ನೀಡುವ ಮಸೂದೆಗೆ ಮತ ಹಾಕಿದ್ದರು. ಇಷ್ಟನ್ನು ಓದಿದ ವಸಾಹತು ದೇಶದ ಕಮ್ಯುನಿಸ್ಟನಿಗೆ ಪೀಕಿಂಗ್ ಕೇಳುತ್ತಿರುವ ಪ್ರಶ್ನೆ ನಿಜವಾದದ್ದೆಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ, ನನಗೂ ಹಾಗೆಯೇ ಅನ್ನಿಸುತ್ತದೆ.

ಆದರೆ ಪುಟ ತಿರುವಿದಂತೆ ಗಡಿ, ರಾಜ್ಯ, ಬಾಂಬು ಒಳನುಗ್ಗುತ್ತವೆ. ಭಿನ್ನಾಭಿಪ್ರಾಯ ಜಗತ್ತಿನೆದುರು ಬಯಲಾದದ್ದು ಯಾವಾಗ ಎಂಬುದಕ್ಕೆ ಮೊದಲನೇ ವ್ಯಾಖ್ಯಾನ ತೋರಿಸುವುದು ಭಾರತ–ಚೀನಾ ಗಡಿ ಘರ್ಷಣೆಯ ಬಗ್ಗೆ ಯಾರ ಪಕ್ಷವನ್ನೂ ವಹಿಸದ 1959ರ ಸೆಪ್ಟೆಂಬರ್ 9ರ ಸೋವಿಯತ್ ಸುದ್ದಿಸಂಸ್ಥೆ ತಾಸ್‌ನ ಹೇಳಿಕೆಯನ್ನು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಪರಮಾಣು ಪರೀಕ್ಷಾ ನಿರ್ಬಂಧ ಒಪ್ಪಂದದ ನಂತರ ಎರಡೂ ಕಡೆಯ ಧಾಟಿ ಬದಲಾಗುತ್ತದೆ. ಫೆಬ್ರುವರಿ 1964ರ ಏಳನೇ ವ್ಯಾಖ್ಯಾನದ ಹೊತ್ತಿಗೆ ಮಾತು ಯಾರು ಒಡಕುಗಾರರು ಎಂಬುದಕ್ಕೆ ಬಂದು ನಿಂತಿದೆ. ಇದೇ ವರ್ಷ ಇಟಲಿಯ ಕಮ್ಯುನಿಸ್ಟ್ ನಾಯಕ ತೋಲ್ಯಾತ್ತಿ, ಚೀನೀಯರಿಂದ ಕಟುವಾಗಿ ಟೀಕೆಗೊಳಗಾಗಿದ್ದವರು, 1964ರ ಆಗಸ್ಟ್‌ನಲ್ಲಿ ಯಾಲ್ಟಾದಲ್ಲಿ ಸಾಯುವ ಮುನ್ನ ಬರೆದ ಟಿಪ್ಪಣಿಯಲ್ಲಿ ಚೀನಾವನ್ನು ಹೊರಹಾಕುವ ಅಂತರರಾಷ್ಟ್ರೀಯ ಸಭೆಯ ಯೋಚನೆಗೆ ತಮ್ಮ ಅಸಮ್ಮತಿಯನ್ನು ದಾಖಲಿಸಿದರು. ತನ್ನನ್ನು ಬೈದವರ ಪರವಾಗಿ ಇಷ್ಟು ಸಮಾಧಾನದಿಂದ ಬರೆದ ಇನ್ನೊಂದು ಕಾಗದ ಈ ಕಟ್ಟಿನಲ್ಲಿಲ್ಲ. ಅದು ಮೂರನೇ ಸಂಪುಟದ ಮೊದಲ ಹೊತ್ತಿಗೆಯಾಗಲಿದೆ.

ಮೂರನೇ ಸಂಪುಟದ ವಿನ್ಯಾಸ ಈಗಾಗಲೇ ತಲೆ ತಿನ್ನುತ್ತಿದೆ, ಏಕೆಂದರೆ ಅಲ್ಲಿ ಮಾತನಾಡುವವರು ಇಬ್ಬರಲ್ಲ. ವಿಯೆಟ್ನಾಂ ಮೇಲೆ 1965ರ ಫೆಬ್ರುವರಿಯಲ್ಲಿ ಅಮೆರಿಕದ ಬಾಂಬ್ ದಾಳಿ ನಡೆದಾಗ ಸೋವಿಯತ್ ಪ್ರಧಾನಿ ಕೊಸಿಗಿನ್ ಹನೋಯ್‌ನಲ್ಲೇ ಇದ್ದರು. ಅಲ್ಲಿಂದ ಪೀಕಿಂಗ್‌ಗೆ ಹೋಗಿ ಮಾವೊರನ್ನು ಕಂಡರು. ಸೋವಿಯತ್ ಶಸ್ತ್ರಾಸ್ತ್ರ ಚೀನಾದ ರೈಲಿನಲ್ಲಿ ಹೋಗಲು ಒಪ್ಪಿಗೆಯಾಯಿತು, ವಾಯುಮಾರ್ಗಕ್ಕೆ ಒಪ್ಪಿಗೆಯಾಗಲಿಲ್ಲ. 1966ರ ಆರಂಭದಲ್ಲಿ ಜಪಾನ್ ಪಕ್ಷದ ಮಿಯಾಮೊಟೊ ನೇತೃತ್ವದ ನಿಯೋಗ ವಿಯೆಟ್ನಾಂ, ಚೀನಾ, ಉತ್ತರ ಕೊರಿಯಾಗಳಿಗೆ ಹೋಗಿ, ವಿಯೆಟ್ನಾಂ ಪರವಾಗಿ ಸೋವಿಯತ್ ಒಕ್ಕೂಟವನ್ನೂ ಒಳಗೊಂಡ ಸಾಮ್ರಾಜ್ಯಶಾಹಿ ವಿರೋಧಿ ಐಕ್ಯರಂಗ ಕಟ್ಟೋಣವೆಂದು ಬೇಡಿತು. ಈ ಜಪಾನ್ ಪಕ್ಷ ಪರೀಕ್ಷಾ ನಿರ್ಬಂಧದ ವಿಷಯದಲ್ಲಿ ಮಾಸ್ಕೋವನ್ನು ಎದುರು ಹಾಕಿಕೊಂಡಿದ್ದ ಪಕ್ಷ ಎಂಬುದನ್ನು ಮರೆಯಬಾರದು. ಪೀಕಿಂಗ್‌ನಲ್ಲಿ ಜಂಟಿ ಹೇಳಿಕೆಯ ಕರಡು ಒಪ್ಪಿತವಾಗಿತ್ತು. ಸೋವಿಯತ್ ಪರಿಷ್ಕರಣವಾದವನ್ನು (ಮಾರ್ಕ್ಸ್‌ವಾದವನ್ನು ತಿದ್ದಿ ಮೆತ್ತಗಾಗಿಸಿದರೆಂಬ ಆರೋಪ) ಹೆಸರಿಸಿ ಎದುರಿಸಲೇಬೇಕೆಂದು ಮಾವೊ ಪಟ್ಟು ಹಿಡಿದದ್ದರಿಂದ ಹೇಳಿಕೆ ಹೊರಬರಲಿಲ್ಲ. ಮೂರು ವರ್ಷ ಹಿಂದೆ ಹೋರಾಡುವ ಜನರ ಬೆಂಬಲವನ್ನೇ ಎಲ್ಲಕ್ಕಿಂತ ಮೇಲಿಟ್ಟಿದ್ದ ಪಕ್ಷ, ಆ ಬೆಂಬಲ ಒಗ್ಗೂಡುವ ಅವಕಾಶ ಎದುರಿಗೆ ಬಂದಾಗ ಅದನ್ನು ಕೈಬಿಟ್ಟಿತು. ಎರಡನೇ ಸಂಪುಟದ ಜೂನ್ 14ರ ಪತ್ರವನ್ನು ಓದಿ ಬಂದವರಿಗೆ ಇದು ಎಷ್ಟು ನೋವಿನ ಸಂಗತಿಯೆಂದು ವಿವರಿಸಬೇಕಾಗಿಲ್ಲ.

ಬಾಂಬು ಬೀಳುತ್ತಿದ್ದ ನೆಲದ ಪಕ್ಷ ಇಬ್ಬರಿಗೂ ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ, ಇಬ್ಬರಲ್ಲಿ ಯಾರನ್ನೂ ಬೈಯುವ ಮನಸ್ಸೂ ಅದಕ್ಕಿರಲಿಲ್ಲ. 1969ರಲ್ಲಿ ತೀರಿಕೊಂಡ ಹೊ ಚಿ ಮಿನ್ ತಮ್ಮ ಉಯಿಲಿನಲ್ಲಿ ಸೋದರ ಪಕ್ಷಗಳ ನಡುವಿನ ಒಡಕು ತಮಗೆ ತಂದ ದುಃಖವನ್ನು ಬರೆದಿಟ್ಟಿದ್ದಾರೆ. ಆ ವರ್ಷದ ಮಾರ್ಚ್‌ನಲ್ಲೇ ಉಸ್ಸುರಿ ನದಿಯ ದ್ವೀಪದಲ್ಲಿ ಚೀನೀ ಮತ್ತು ಸೋವಿಯತ್ ಸೈನಿಕರು ಪರಸ್ಪರ ಗುಂಡು ಹಾರಿಸಿದ್ದರು. ಜೂನ್‌ನಲ್ಲಿ ಮಾಸ್ಕೋದಲ್ಲಿ 75 ಪಕ್ಷಗಳ ಸಭೆ ನಡೆದಾಗ ಚೀನಾ, ವಿಯೆಟ್ನಾಂ, ಕೊರಿಯಾ, ಜಪಾನ್ ಪಕ್ಷಗಳು ಅಲ್ಲಿರಲಿಲ್ಲ. 1960ರಲ್ಲಿ ಅದೇ ಊರಿನಲ್ಲಿ 81 ಪಕ್ಷಗಳು ಒಂದೇ ಹೇಳಿಕೆಗೆ ಸಹಿ ಹಾಕಿದ್ದವು.

ನಮ್ಮ ದೇಶದ ಹಾಳೆಗಳನ್ನು ಎಲ್ಲಿ ಹೊಲಿಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. 1964ರ ಏಪ್ರಿಲ್ 11ರಂದು ಸಿಪಿಐ ರಾಷ್ಟ್ರೀಯ ಮಂಡಳಿಯಿಂದ 32 ಸದಸ್ಯರು ಹೊರನಡೆದದ್ದು, ಜುಲೈನಲ್ಲಿ ತೆನಾಲಿಯ ಸಮಾವೇಶ, ವರ್ಷಾಂತ್ಯಕ್ಕೆ ಸಿಪಿಎಂ ರೂಪುಗೊಂಡ ಕಲ್ಕತ್ತಾದ ಮಹಾಧಿವೇಶನ ಇವನ್ನು ಒಂಬತ್ತು ವ್ಯಾಖ್ಯಾನಗಳ ಮಧ್ಯೆ ಸೇರಿಸಿದರೆ ಇಲ್ಲಿನ ಒಡಕು ಪೀಕಿಂಗ್‌ನಿಂದ ರಫ್ತಾದದ್ದೆಂಬ ತಪ್ಪು ಭಾವನೆ ಬರುತ್ತದೆ. ನೆಹರೂ ಸರ್ಕಾರವನ್ನೂ ಕಾಂಗ್ರೆಸ್ಸನ್ನೂ ಹೇಗೆ ನೋಡಬೇಕೆಂಬ ಇಲ್ಲಿನದೇ ಜಗಳ ಅದಕ್ಕಿಂತ ಹಳೆಯದು. 1967ರ ಜುಲೈ 5ರಂದು ಪೀಕಿಂಗ್‌ನ ‘ಪೀಪಲ್ಸ್ ಡೈಲಿ’ ನಕ್ಸಲ್‌ಬಾರಿಯ ರೈತ ದಂಗೆಯನ್ನು ಕೊಂಡಾಡಿ ಬರೆದಾಗ ಸಿಪಿಎಂ ಕೂಡ ಅದರ ಟೀಕೆಗೆ ಗುರಿಯಾಯಿತು; ಮಾಸ್ಕೋಗೂ ಪೀಕಿಂಗ್‌ಗೂ ಸಮಾನ ದೂರ ಕಾಯ್ದುಕೊಂಡ ಪಕ್ಷದ ಕಾಗದಗಳನ್ನು ಇವರಿಬ್ಬರ ಪತ್ರಗಳ ಕಣಿವೆಯಲ್ಲಿ ತುರುಕುವುದು ನ್ಯಾಯವಲ್ಲ. ತೆಲುಗು ಹೊತ್ತಿಗೆಗಳ ಜೊತೆ ಇವಕ್ಕೆ ಪ್ರತ್ಯೇಕ ಸಂಪುಟ ಕಟ್ಟುವುದರತ್ತ ಮನಸ್ಸು ವಾಲುತ್ತಿದೆ.

ಈ ನಡುವೆ ಕೆಜಿಎಫ್‌ನಿಂದ ಒಂದು ಪೆಟ್ಟಿಗೆ ಬಂದಿದೆ. ಗಣಿ ಕಾರ್ಮಿಕರ ಕರಪತ್ರಗಳು; ತಮಿಳಿನವು ಹೆಚ್ಚು, ತೆಲುಗಿನವು ಕೆಲವು, ಕನ್ನಡದವು ಬೆರಳೆಣಿಕೆಯಷ್ಟು. ಲಂಡನ್ನಿನ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಆ ಗಣಿಗಳಲ್ಲಿ ಸಾಮ್ರಾಜ್ಯಶಾಹಿ ಎಂಬುದು ದೂರದ ವಿಷಯವಾಗಿರಲಿಲ್ಲ. 1930ರ ಮುಷ್ಕರವೂ 1946ರಲ್ಲಿ ಪೊಲೀಸ್ ಗುಂಡಿಗೆ ಕಾರ್ಮಿಕರು ಬಲಿಯಾದದ್ದೂ ಅಲ್ಲಿನ ಮನೆಗಳಲ್ಲಿ ಇನ್ನೂ ಮಾತಿನಲ್ಲಿವೆ. ಎಲ್ಲವೂ ಬಿಡಿ ಹಾಳೆಗಳು, ಮಡಿಕೆಯೇ ಇಲ್ಲದವು, ಆದ್ದರಿಂದ ಮಡಿಕೆ ಪಟ್ಟಿಯ ವಿಧಾನ ಇಲ್ಲಿ ನಡೆಯುವುದಿಲ್ಲ. ಪ್ರತಿ ಹಾಳೆಯ ಎಡ ಅಂಚಿಗೆ ಟಿಶ್ಯೂ ಪಟ್ಟಿ ಹಚ್ಚಿ, ಪಟ್ಟಿಗಳನ್ನು ಫಾರಂಗಳಾಗಿ (ಒಟ್ಟಿಗೆ ಹೊಲಿಯುವ ಕಂತೆಗಳಾಗಿ) ಮಡಚಿ ಹೊಲಿಯಬೇಕು. ಅದಕ್ಕೆ ನಿಜವಾದ ಕೋಜೋ ಟಿಶ್ಯೂ ಬೇಕು. ನಂಬಿಕೆಯಿಂದ ಕಳುಹಿಸುವವರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಮಳೆ ನಿಲ್ಲುವವರೆಗೆ ಪೆಟ್ಟಿಗೆಯನ್ನು ತೆರೆಯುವುದಿಲ್ಲ.