ಹೆಸರಿಲ್ಲದ ಇಬ್ಬರು ಹುಡುಗರು

"ಪಾರ್ಸನ್ಸ್ ಬದಲಿಗೆ ಯಾರು ಬಂದರು?" ಎಂದು ಕೇಳಿದ್ದಷ್ಟೇ. ಡಲ್ಲಾಸ್‌ನ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಕೌಬಾಯ್ಸ್‌ನ ಹುಟ್ಟಾ ಅಭಿಮಾನಿ. ಬೆರಳು ಮಡಚುತ್ತಾ ಲೆಕ್ಕ ಒಪ್ಪಿಸಿದ: "ಒಬ್ಬ ಕೆನಿ ಕ್ಲಾರ್ಕ್. ಇನ್ನಿಬ್ಬರು ಹುಡುಗರು. ಅವರ ಹೆಸರು ಇನ್ನೂ ಯಾರಿಗೂ ಗೊತ್ತಿಲ್ಲ." ಅವನ ಕುರ್ಚಿಯ ಬೆನ್ನಿಗೆ, ತಂಡ ಆಗಷ್ಟೇ ಬಿಟ್ಟುಕೊಟ್ಟಿದ್ದ ತಾರೆ ಮೈಕಾ ಪಾರ್ಸನ್ಸ್‌ನ 11ನೇ ನಂಬರಿನ ಅಂಗಿ ನೇತಾಡುತ್ತಿತ್ತು.

2025ರ ಆಗಸ್ಟ್ 28, ಗುರುವಾರ ಪಾರ್ಸನ್ಸ್ ಇನ್ನೊಂದು ತಂಡವಾದ ಗ್ರೀನ್ ಬೇ ಪ್ಯಾಕರ್ಸ್ ಪಾಲಾದ. ನಾಲ್ಕು ಋತುಗಳಲ್ಲಿ 52.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ, ಆಗಿನ್ನೂ 26ರ ಆಟಗಾರ. ಪ್ಯಾಕರ್ಸ್ ಅವನಿಗೆ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಕೌಬಾಯ್ಸ್‌ಗೆ ಸಿಕ್ಕಿದ್ದು ಕ್ಲಾರ್ಕ್ ಮತ್ತು 2026, 2027ರ ಡ್ರಾಫ್ಟ್‌ಗಳಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ಗ್ರೀನ್ ಬೇಯ ಮೊದಲ ಸುತ್ತಿನ ಒಂದೊಂದು ಆಯ್ಕೆ. ಆ 2027ರ ಹುಡುಗ ಆಗಿನ್ನೂ ಯಾವುದೋ ಕಾಲೇಜಿನ ಎರಡನೇ ವರ್ಷದಲ್ಲಿದ್ದಿರಬಹುದು. ಮಂಡಿ ಮುರಿದುಕೊಳ್ಳಲೂಬಹುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ.

ವ್ಯಾಪಾರ ಎಂದರೆ ಹೀಗೆಯೇ ಎಂದು ಸುಮ್ಮನಾಗಬಹುದಿತ್ತು. ಆದರೆ ಡ್ರಾಫ್ಟ್‌ನ ನಿಯಮ ನೆನಪಾದಾಗಿನಿಂದ ಸಹೋದ್ಯೋಗಿಯ ಮಾತು ತಲೆ ಕೊರೆಯುತ್ತಿದೆ. ಅಲ್ಲಿ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ನರಿಗೆ ಕೊನೆಯ 32ನೆಯದು. ಪಾರ್ಸನ್ಸ್ ಚೆನ್ನಾಗಿ ಆಡಿದಷ್ಟೂ ಗ್ರೀನ್ ಬೇ ಗೆಲ್ಲುತ್ತದೆ, ಅದು ಗೆದ್ದಷ್ಟೂ ಡಲ್ಲಾಸ್‌ಗೆ ಸಿಗುವ ಆಯ್ಕೆ ಕೆಳಗಿಳಿಯುತ್ತದೆ. ನಾಲ್ಕು ವರ್ಷ ಯಾರಿಗಾಗಿ ಗಂಟಲು ಹರಿದುಕೊಂಡೆವೋ ಅವನು ಮಣ್ಣು ಮುಕ್ಕಲಿ ಎಂದು ಹರಕೆ ಹೊರಬೇಕು! ಆ ಇಬ್ಬರು ಹುಡುಗರು ಒಳ್ಳೆಯವರಾಗಿ ಸಿಗುವುದು ಹಾಗಾದರೆ ಮಾತ್ರ.

ಲಾಸ್ ಏಂಜಲೀಸ್ ರ್‍ಯಾಮ್ಸ್ 2021ರಲ್ಲಿ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ಗಾಗಿ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ಎತ್ತಿಕೊಟ್ಟು ಮರುವರ್ಷದ ಫೆಬ್ರವರಿಯಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್‌ಗೆ ಅಷ್ಟನ್ನೂ ಇನ್ನಷ್ಟನ್ನೂ ಸುರಿದ ಡೆನ್ವರ್ ಎರಡೇ ವರ್ಷಕ್ಕೆ ಅವನನ್ನು ಕೈಬಿಟ್ಟಿತು. ನಾಳೆಯನ್ನು ಮಾರಿ ಇಂದನ್ನು ಕೊಳ್ಳುವ ಅವಸರ ನನಗೆ ಅರ್ಥವಾಗುತ್ತದೆ. ಡಲ್ಲಾಸ್ ಮಾಡಿದ್ದು ಇದರ ತಿರುವುಮುರುವು. ಮಾಲೀಕರೂ ತಾವೇ, ಜನರಲ್ ಮ್ಯಾನೇಜರೂ ತಾವೇ ಆಗಿರುವ ಜೆರ್ರಿ ಜೋನ್ಸ್‌ರಿಗೆ ಆಗ 82 ವರ್ಷ. ಆ ವಯಸ್ಸಿನಲ್ಲಿ ಇಷ್ಟು ತಾಳ್ಮೆ ಎಲ್ಲಿಂದ ಬಂತೋ.

ಬಹುಶಃ 1989ರಿಂದ. ಅವರು ತಂಡ ಕೊಂಡ ವರ್ಷವದು. ಅದೇ ಅಕ್ಟೋಬರ್‌ನಲ್ಲಿ ತಂಡದ ತಾರೆ ಹರ್ಷೆಲ್ ವಾಕರ್‌ನನ್ನು ಮಿನ್ನೆಸೋಟಕ್ಕೆ ಕೊಟ್ಟು ಆಯ್ಕೆಗಳ ರಾಶಿಯನ್ನೇ ತಂದರು. ಮುಂದೆ ದೊಡ್ಡ ತಾರೆಯಾದ ಎಮಿಟ್ ಸ್ಮಿತ್ ಸಿಕ್ಕಿದ್ದೂ ಆ ರಾಶಿಯ ಬಲದಿಂದಲೇ. ಆಮೇಲೆ ಮೂರು ಸೂಪರ್ ಬೌಲ್. ಆದರೆ ಆ ಕೆಲಸದ ಹಿಂದಿನ ತಲೆ ಕೋಚ್ ಜಿಮ್ಮಿ ಜಾನ್ಸನ್‌ರದು, ಅವರನ್ನು ಉಳಿಸಿಕೊಳ್ಳಲೂ ಜೋನ್ಸ್‌ರಿಗೆ ಆಗಲಿಲ್ಲ. 1996ರ ಜನವರಿಯಿಂದೀಚೆಗೆ ಕಪ್ ಬಂದಿಲ್ಲ. ಈ ಸಲ ಸಂಬಳದ ಮಾತುಕತೆಯಲ್ಲಿ ಪಾರ್ಸನ್ಸ್‌ನ ಏಜೆಂಟನನ್ನು ಬದಿಗಿಟ್ಟು ತಾವೇ ಕುದುರಿಸಲು ಹೋದರು. ದೊಡ್ಡಸ್ತಿಕೆ ಬಿಟ್ಟಿದ್ದರೆ ಹುಡುಗ ಇಲ್ಲೇ ಇರುತ್ತಿದ್ದ ಎಂದೇ ನನಗನಿಸುತ್ತದೆ.

ಸೆಪ್ಟೆಂಬರ್ 28ಕ್ಕೆ ಪ್ಯಾಕರ್ಸ್ ಇಲ್ಲಿಗೇ ಬರುವವರಿದ್ದರು. ಆ ಪಂದ್ಯಕ್ಕೆ ನನ್ನ ಸಹೋದ್ಯೋಗಿಯ ಬಳಿ ಟಿಕೆಟ್ ಇತ್ತು. ಕೌಬಾಯ್ಸ್ ಗೆಲ್ಲಬೇಕು, ಪಾರ್ಸನ್ಸ್ ಮಾತ್ರ ಚೆನ್ನಾಗಿ ಆಡಬೇಕು ಎಂದ. ಎರಡೂ ಒಟ್ಟಿಗೆ ಹೇಗಾದೀತು ಎಂದೆ.

"ಅದನ್ನು ಜೋನ್ಸ್ ಯೋಚಿಸಬೇಕಿತ್ತು" ಎಂದು ಕಂಪ್ಯೂಟರಿನತ್ತ ತಿರುಗಿದ.