ತೊತ್ತಿಗೆ ಹೆಸರಿತ್ತು, ಒಡತಿಗಿರಲಿಲ್ಲ

ಕೊರಿಯಾದ ಐತಿಹಾಸಿಕ ಧಾರಾವಾಹಿಗಳಲ್ಲಿ ಗುರುತು ಬಚ್ಚಿಟ್ಟ ಹೆಣ್ಣು ಎಂದರೆ ಮೊದಲು ನೆನಪಾಗುವುದು ಗಂಡುವೇಷ. 2010ರ ‘ಸುಂಗ್‌ಕ್ಯೂನ್‌ಕ್ವಾನ್ ಸ್ಕ್ಯಾಂಡಲ್’ನಲ್ಲಿ ತಮ್ಮನ ಹೆಸರಲ್ಲಿ ಓದಲು ಹೋಗುವ ಅಕ್ಕ, 2016ರ ‘ಲವ್ ಇನ್ ದ ಮೂನ್‌ಲೈಟ್’ನಲ್ಲಿ ಅರಮನೆಯ ನಪುಂಸಕ ಸೇವಕನಾಗಿ ಸೇರಿಕೊಳ್ಳುವ ಹುಡುಗಿ, 2021ರ ‘ದ ಕಿಂಗ್ಸ್ ಅಫೆಕ್ಷನ್’ನಲ್ಲಿ ಸತ್ತ ಅವಳಿ ಅಣ್ಣನ ಜಾಗದಲ್ಲಿ ಯುವರಾಜನಾಗುವವಳು.

‘ದ ಟೇಲ್ ಆಫ್ ಲೇಡಿ ಓಕ್’ ಹಿಡಿದ ದಾರಿ ಬೇರೆ. 2024ರ ನವೆಂಬರ್ 30ರಿಂದ 2025ರ ಜನವರಿ 26ರವರೆಗೆ ಜೆಟಿಬಿಸಿ ವಾಹಿನಿಯಲ್ಲಿ 16 ಕಂತುಗಳಲ್ಲಿ ಬಂದ ಈ ಧಾರಾವಾಹಿಯಲ್ಲಿ ಲಿಮ್ ಜಿ-ಯೊನ್ ಮಾಡಿರುವ ಗುದೊಕ್ ಹುಟ್ಟಾ ಗುಲಾಮಳು, ಕೊರಿಯನ್ ಮಾತಿನಲ್ಲಿ ‘ನೋಬಿ’. ಕೊಳೆತದ್ದರಲ್ಲಿ ಹರಿದಾಡುವ ಹುಳಕ್ಕೆ ಕೊರಿಯನ್ನರು ‘ಗುದೊಗಿ’ ಅನ್ನುತ್ತಾರೆ. ಒಡೆಯರ ಮನೆಯವರು ಅವಳಿಗೆ ಇಟ್ಟ ಹೆಸರು ಬಂದದ್ದು ಅದರಿಂದಲೇ. ಅಲ್ಲಿಂದ ತಪ್ಪಿಸಿಕೊಂಡ ಅವಳು, ತೀರಿಕೊಂಡ ಕುಲೀನ ಹುಡುಗಿ ಓಕ್ ತೆಯಂಗ್‌ಳ ಹೆಸರಿನಲ್ಲಿ ಬದುಕು ಕಟ್ಟಿಕೊಳ್ಳುತ್ತಾಳೆ. ಎದೆ ಬಿಗಿದು ಕಟ್ಟಬೇಕಿಲ್ಲ, ದನಿ ಬದಲಿಸಬೇಕಿಲ್ಲ. ಆದರೂ ಗಂಡುವೇಷದ ಯಾವ ಕಥೆಗಿಂತಲೂ ಇದು ಬಿಗಿಯಾಗಿದೆ. ಕೊರಿಯಾವನ್ನು ಆಳಿದ ಜೋಸನ್ ರಾಜಮನೆತನದ ಕಾಲದಲ್ಲಿ ಮನುಷ್ಯನ ಗುರುತು ಮುಖದಲ್ಲಿ ಇರಲಿಲ್ಲ, ಕಾಗದದಲ್ಲಿತ್ತು. ಆ ಕಾಗದಗಳ ಲೆಕ್ಕ ಗೊತ್ತಿದ್ದರೆ ಈ ಧಾರಾವಾಹಿಯ ಅರ್ಧದಷ್ಟು ಭಯ ತಾನಾಗಿಯೇ ಅರ್ಥವಾಗುತ್ತದೆ.

ಶೀರ್ಷಿಕೆಯಿಂದಲೇ ಶುರು ಮಾಡೋಣ. ಕೊರಿಯನ್‌ನಲ್ಲಿ ಇದರ ಹೆಸರು ‘ಓಕ್-ಸಿ ಬುಇನ್ ಜೊನ್’, ಓಕ್ ವಂಶದ ಗೃಹಿಣಿಯ ಚರಿತೆ ಎಂದು. ತೆಯಂಗ್ ಎಂಬ ಹೆಸರು ಅದರಲ್ಲಿಲ್ಲ. ಇರಬೇಕಾಗಿಯೂ ಇಲ್ಲ. ಜೋಸನ್ ಸರ್ಕಾರ ಮೂರು ವರ್ಷಕ್ಕೊಮ್ಮೆ ಬರೆಸುತ್ತಿದ್ದ ಮನೆಪಟ್ಟಿಗೆ ‘ಹೋಜೊಕ್’ ಎನ್ನುತ್ತಾರೆ. ಮನೆಯ ಯಜಮಾನನ ಹೆಸರು, ವಯಸ್ಸು, ಮೂಲಸ್ಥಳ, ಜೊತೆಗೆ ಅವನ ‘ನಾಲ್ವರು ಹಿರಿಯರು’ ಅದರಲ್ಲಿ ಬರಬೇಕು: ತಂದೆ, ಅಜ್ಜ, ಮುತ್ತಜ್ಜ, ತಾಯಿಯ ತಂದೆ. ಹೆಂಡತಿಯ ಸಾಲಿನಲ್ಲಿ ಅವಳ ವಂಶದ ಹೆಸರು, ಅದರ ಮುಂದೆ ಕುಲೀನಳಾದರೆ ‘ಸಿ’ ಎಂಬ ಗೌರವದ ಅಕ್ಷರ, ವಯಸ್ಸು, ಮೂಲಸ್ಥಳ, ಅವಳ ಕಡೆಯ ನಾಲ್ವರು ಹಿರಿಯರು. ಅವಳ ಸ್ವಂತ ಹೆಸರಿಗೆ ಜಾಗವೇ ಇಲ್ಲ. ಅದೇ ಹಾಳೆಯ ಕೊನೆಗೆ ಬಂದರೆ ಮನೆಯ ನೋಬಿಗಳ ಸಾಲು. ಅಲ್ಲಿ ಹೆಣ್ಣಾಳಿನ ಹೆಸರು ಸ್ಪಷ್ಟವಾಗಿರುತ್ತದೆ, ಯಾಕೆಂದರೆ ಅವಳು ಆಸ್ತಿ. ಆಸ್ತಿಯನ್ನು ಒಂದೊಂದಾಗಿ ಗುರುತಿಸಲು ಬರಬೇಕಲ್ಲ. ಓಡಿಹೋದವರನ್ನೂ ಪಟ್ಟಿಯಿಂದ ತೆಗೆಯುತ್ತಿರಲಿಲ್ಲ. ಹೆಸರಿನ ಪಕ್ಕದಲ್ಲಿ ‘ಪರಾರಿ’ ಎಂದು ಬರೆದು ಹತ್ತಾರು ವರ್ಷ ಹಾಗೆಯೇ ಮುಂದಕ್ಕೆ ಸಾಗಿಸುತ್ತಿದ್ದರು. ಬದುಕಿದ್ದರೆ ನೂರು ದಾಟಿರಬೇಕಾದ ನೋಬಿಗಳೂ ಇಂಥ ಪಟ್ಟಿಗಳಲ್ಲಿ ಉಳಿದುಕೊಂಡಿದ್ದಾರೆ. ಅವಳು ಸಿಗದಿದ್ದರೂ ಅವಳ ಮಕ್ಕಳು ಸಿಕ್ಕಾರು ಎಂಬ ಲೆಕ್ಕಾಚಾರ ಅದು.

ಗುದೊಕ್‌ಳ ಸ್ಥಿತಿ ಇದು. ಅವಳು ಬಿಟ್ಟುಬಂದ ಹೆಸರು ಯಾವುದೋ ಪಟ್ಟಿಯಲ್ಲಿ ಜೀವಂತವಾಗಿದೆ, ತೊಟ್ಟುಕೊಂಡ ಹೆಸರು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಓಕ್ ಮನೆಯ ಹೆಣ್ಣಾಗಲು ಅವಳಿಗೆ ಬೇಕಾದದ್ದು ಆ ನಾಲ್ವರು ಹಿರಿಯರ ಹೆಸರು, ಜೊತೆಗೆ ‘ಹೌದು, ಇವಳು ನಮ್ಮವಳೇ’ ಎನ್ನುವ ಒಬ್ಬ ಹಿರಿಯರ ಬಾಯಿಮಾತು. ತೆಯಂಗ್‌ಳ ಅಜ್ಜಿ ಅವಳನ್ನು ಮೊಮ್ಮಗಳೆಂದು ಒಪ್ಪಿಕೊಳ್ಳುವ ಭಾಗವನ್ನು ಬರೀ ಕರುಣೆಯ ದೃಶ್ಯವೆಂದು ನೋಡಿದರೆ ಸಾಲದು. ಇಡೀ ವೇಷಕ್ಕೆ ಆಧಾರದ ಕಂಬ ನಿಲ್ಲುವುದು ಅಲ್ಲೇ.

ಇನ್ನೊಂದು ಅನುಕೂಲ ಅವಳಿಗೆ ಕುಲೀನರ ಕಟ್ಟುಪಾಡಿನಿಂದಲೇ ಸಿಕ್ಕಿತು. ದೊಡ್ಡ ಮನೆತನದ ಹೆಂಗಸು ಬೀದಿಗೆ ಬಂದರೆ ‘ಜಾಂಗೊತ್’ ಎಂಬ ನಿಲುವಂಗಿಯನ್ನು ತಲೆಯ ಮೇಲಿಂದ ಹೊದ್ದು, ಮುಖದ ಬಳಿ ಎರಡೂ ಅಂಚನ್ನು ಕೈಯಲ್ಲಿ ಹಿಡಿದು ನಡೆಯಬೇಕು. 1485ರಲ್ಲಿ ಅಂತಿಮ ರೂಪ ಪಡೆದ ‘ಗ್ಯೊಂಗ್‌ಗುಕ್ ದೆಜೊನ್’ ಎಂಬ ಕಾನೂನುಗ್ರಂಥದ ಪ್ರಕಾರ ಕುಲೀನ ಮನೆಯ ಹೆಂಗಸು ಬೆಟ್ಟದಲ್ಲೋ ಹೊಳೆಯ ದಂಡೆಯಲ್ಲೋ ಔತಣ ಮಾಡಿ ವಿಹರಿಸಿದರೆ 100 ಏಟಿನ ಶಿಕ್ಷೆ. ಹೀಗಾಗಿ ಊರಿನಲ್ಲಿ ಅವಳ ಮುಖ ಕಂಡವರೇ ಬೆರಳೆಣಿಕೆ. ನೋಬಿ ಹೆಂಗಸಿನ ಮುಖವೋ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಒಡತಿಯ ಗೆಳತಿಯರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪಾಯ ಬರುವುದು ಹಳೆಯ ಒಡೆಯರ ಕಡೆಯಿಂದ, ತೆಯಂಗ್‌ಳನ್ನು ಬಲ್ಲವರ ಕಡೆಯಿಂದಲ್ಲ. ಧಾರಾವಾಹಿ ಇದನ್ನು ಸರಿಯಾಗಿ ಹಿಡಿದಿದೆ.

ಸಿಕ್ಕಿಬಿದ್ದರೆ ಏನಾಗುತ್ತದೆ? ಅದೇ ಕಾನೂನುಗ್ರಂಥ ನೋಬಿಗಳಿಗೆ ಬೆಲೆಯನ್ನೂ ಬರೆದಿಟ್ಟಿದೆ: 16ರಿಂದ 50 ವಯಸ್ಸಿನವರಿಗೆ ಕಾಗದದ ಹಣ 4,000 ಹಾಳೆ, ಅದಕ್ಕಿಂತ ಚಿಕ್ಕವರಿಗೂ ಮುದುಕರಿಗೂ 3,000. ಒಡೆಯ ಎಷ್ಟೇ ಕ್ರೂರಿಯಾಗಿರಲಿ, ನೋಬಿ ಅವನ ಮೇಲೆ ದೂರು ಕೊಟ್ಟರೆ ದೂರು ಕೊಟ್ಟವರಿಗೇ ನೇಣು. ರಾಜದ್ರೋಹದ ಸುದ್ದಿ ತಿಳಿಸುವುದಕ್ಕೆ ಮಾತ್ರ ವಿನಾಯಿತಿ. ಗುದೊಕ್‌ಗೆ ಕಾನೂನಿನ ಹುಚ್ಚು ಯಾಕೆ ಎಂಬುದಕ್ಕೆ ಇಷ್ಟು ಸಾಕು. ತನ್ನ ನಿಜವಾದ ಹೆಸರಿನಲ್ಲಿ ಅವಳಿಗೆ ಬಾಯಿಯೇ ಇರಲಿಲ್ಲ. ಸುಳ್ಳು ಹೆಸರಿನಲ್ಲಿ ಸಿಕ್ಕಿತು.

ಅವಳು ಹಿಡಿಯುವ ಕೆಲಸ ‘ವೇಜಿಬು’ ಎಂಬುದು. ಸಬ್‌ಟೈಟಲ್‌ನಲ್ಲಿ ವಕೀಲೆ ಎಂದು ಬರುತ್ತದೆ. ಆದರೆ ಈಗಿನ ವಕೀಲರಂತೆ ಸನ್ನದು, ಕೋಟು, ಸರ್ಕಾರದ ಮಾನ್ಯತೆ ಯಾವುದೂ ಇದ್ದ ಕಸುಬಲ್ಲ. ಓದುಬರಹ ಬಾರದವರ ಪರವಾಗಿ ಅರ್ಜಿ ಬರೆದುಕೊಟ್ಟು, ಏನು ಹೇಳಬೇಕೆಂದು ಹೇಳಿಕೊಟ್ಟು, ಹಣ ಪಡೆಯುತ್ತಿದ್ದವರು ಇವರು. ಜಗಳ ಹಚ್ಚುವವರು ಎಂದು ಆಡಳಿತಕ್ಕೆ ಇವರ ಮೇಲೆ ಸಿಟ್ಟು, 15ನೇ ಶತಮಾನದ ಉತ್ತರಾರ್ಧದಲ್ಲೇ ನಿಷೇಧವೂ ಬಂತು. ಧಾರಾವಾಹಿ ಈ ಕಸುಬಿಗೆ ಕೊಟ್ಟಿರುವ ಗೌರವ ಹೆಚ್ಚೇ ಆಯಿತು. ಆದರೆ ಹೆಂಗಸರು ಕಚೇರಿಗೆ ಅರ್ಜಿ ಹಾಕುತ್ತಿದ್ದದ್ದು ಕಲ್ಪನೆಯಲ್ಲ. ಕುಲೀನರು, ಸಾಮಾನ್ಯರು, ನೋಬಿಗಳು ಮೂರೂ ವರ್ಗದ ಹೆಂಗಸರ ಅರ್ಜಿಗಳು ಉಳಿದುಬಂದಿವೆ.

ಕಚೇರಿಯ ದೃಶ್ಯಗಳಲ್ಲಿ ಕಾಗದವನ್ನು ಗಮನಿಸಿ. ಅರ್ಜಿಯನ್ನು ಹಾಳೆಯ ಒಂದು ಭಾಗದಲ್ಲಿ ಬರೆದು ಉಳಿದದ್ದನ್ನು ಖಾಲಿ ಬಿಡುತ್ತಿದ್ದರು. ಊರ ಅಧಿಕಾರಿ ತನ್ನ ತೀರ್ಪನ್ನು ಆ ಖಾಲಿ ಜಾಗದಲ್ಲೇ ಬರೆದು, ಮೊಹರು ಒತ್ತಿ, ಅದೇ ಹಾಳೆಯನ್ನು ಅರ್ಜಿದಾರರಿಗೆ ವಾಪಸು ಕೊಡುತ್ತಿದ್ದ. ಗೆದ್ದವರು ಅದನ್ನು ಮನೆಯಲ್ಲಿ ಜೋಪಾನವಾಗಿ ಇಡಬೇಕು, ಕಳೆದರೆ ಸಾಕ್ಷಿ ಹೋಯಿತು. ಇನ್ನು ಸಹಿ. ಅಕ್ಷರ ಬಾರದವರು ಕರಾರುಪತ್ರದ ಮೇಲೆ ನಡುಬೆರಳನ್ನು ಇಟ್ಟು, ಅದರ ಉದ್ದಕ್ಕೆ ಗೆರೆ ಎಳೆದು, ಗೆಣ್ಣುಗಳು ಎಲ್ಲಿ ಬರುತ್ತವೋ ಅಲ್ಲಿ ಗುರುತು ಹಾಕಬೇಕಿತ್ತು. ಗಂಡಸಾದರೆ ಎಡಗೈ, ಹೆಂಗಸಾದರೆ ಬಲಗೈ. ಇದಕ್ಕೆ ‘ಸುಚೋನ್’ ಎಂದು ಹೆಸರು. ಹೆಸರು ಬದಲಿಸಬಹುದು, ಬಟ್ಟೆ ಬದಲಿಸಬಹುದು, ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಬದಲಾಗದು. ಗುರುತಿನ ಕಥೆ ಬರೆಯುವವರು ಈ ಬೆರಳ ಗೆರೆಯನ್ನು ಇನ್ನೂ ಹೆಚ್ಚು ಬಳಸಿಕೊಳ್ಳಬೇಕು ಎಂದು ನಮಗೆ ಪ್ರತಿ ಸಲವೂ ಅನ್ನಿಸುತ್ತದೆ.

ಗಂಡುವೇಷದ ಕಥೆಗಳಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಕೂದಲಿನ ತೊಂದರೆ ಇಲ್ಲ. ಮೈ, ಕೂದಲು, ಚರ್ಮ ಎಲ್ಲವೂ ತಂದೆತಾಯಿ ಕೊಟ್ಟದ್ದು ಎಂದು ಗಂಡಸರೂ ಕೂದಲು ಬೆಳೆಸುತ್ತಿದ್ದ ಕಾಲ ಅದು. ಜುಟ್ಟು ಕತ್ತರಿಸಬೇಕೆಂಬ ಸರ್ಕಾರಿ ಆಜ್ಞೆ ಬಂದದ್ದು 1895ರಲ್ಲಿ. ಮದುವೆಯಾಗದ ಹುಡುಗನಿಗೂ ಹುಡುಗಿಗೂ ಬೆನ್ನ ಮೇಲೆ ಒಂದೇ ಜಡೆ, ಸಾಮಾನ್ಯವಾಗಿ ಅವನ ಪಟ್ಟಿ ಕಪ್ಪು, ಅವಳದು ಕೆಂಪು. ಮದುವೆಯಾದ ಗಂಡಸು ನೆತ್ತಿಯ ಮೇಲೆ ‘ಸಾಂಗ್ಟು’ ಎಂಬ ಗಂಟು ಕಟ್ಟುತ್ತಾನೆ. ಕೂದಲು ಮೇಲಕ್ಕೆ ಎತ್ತಿ ಬಿಗಿದು, ಹಣೆಯ ಸುತ್ತ ಕುದುರೆಕೂದಲಿನಿಂದ ನೇಯ್ದ ‘ಮಾಂಗೊನ್’ ಪಟ್ಟಿ ಕಟ್ಟಿ, ಅದರ ಮೇಲೆ ಬಿದಿರು ಮತ್ತು ಕುದುರೆಕೂದಲಿನ ‘ಗಾತ್’ ಟೋಪಿ. ಧಾರಾವಾಹಿಗಳು ಕೈಬಿಡುವ ವಿವರವೊಂದಿದೆ: ಗಂಟು ತೀರಾ ದಪ್ಪವಾಗದಿರಲಿ, ತಲೆ ಕಾಯದಿರಲಿ ಎಂದು ಗಂಡಸರು ನೆತ್ತಿಯ ನಡುವೆ ಒಂದಿಷ್ಟು ಕೂದಲು ಬೋಳಿಸಿಕೊಳ್ಳುತ್ತಿದ್ದರು. ತುಂಬುಕೂದಲಿನ ಹೆಣ್ಣು ಸಾಂಗ್ಟು ಕಟ್ಟಿದರೆ ಗಂಟು ದೊಡ್ಡದಾಗಿ ಗಾತ್ ಸರಿಯಾಗಿ ಕೂರದು.

ನಿಜವಾದ ತೊಡಕು ಸೊಂಟದಲ್ಲಿ ತೂಗುವ ‘ಹೊಪೆ’ಯಲ್ಲಿದೆ. 1413ರಲ್ಲಿ ಜಾರಿಗೆ ಬಂದ ಈ ಗುರುತಿನ ಬಿಲ್ಲೆಯನ್ನು 16 ದಾಟಿದ ಪ್ರತಿ ಗಂಡಸೂ ಇಟ್ಟುಕೊಳ್ಳಬೇಕಿತ್ತು. ಉನ್ನತ ಅಧಿಕಾರಿಗೆ ದಂತ, ಅವನಿಗಿಂತ ಕೆಳಗಿನವನಿಗೆ ಕೊಂಬು, ಸಾಮಾನ್ಯನಿಗೆ ಮರ. ನೋಬಿಯದರಲ್ಲಿ ಒಡೆಯನ ಹೆಸರು, ಮೈಬಣ್ಣ, ಎತ್ತರ, ಗಡ್ಡ ಇದೆಯೇ ಇಲ್ಲವೇ ಎಂಬುದೂ ಇರುತ್ತಿತ್ತು. ಹೆಂಗಸರಿಗೆ ಹೊಪೆ ಇರಲಿಲ್ಲ. ಹಾಗಾಗಿ ಗುದೊಕ್ ಬಿಲ್ಲೆಯಿಲ್ಲದೆ ಇನ್ನೊಬ್ಬಳಾಗಬಹುದು. ಗಂಡುವೇಷದವಳಿಗೆ ಇನ್ನೊಬ್ಬನ ಬಿಲ್ಲೆ ಬೇಕೇ ಬೇಕು. ‘ಸುಂಗ್‌ಕ್ಯೂನ್‌ಕ್ವಾನ್ ಸ್ಕ್ಯಾಂಡಲ್’ನ ನಾಯಕಿ ಹೊಸ ಹೆಸರು ಹುಟ್ಟಿಸದೆ ತಮ್ಮನ ಹೆಸರನ್ನೇ ಹಿಡಿಯುವುದು ಇದಕ್ಕೇ. ಸರ್ಕಾರಿ ಪರೀಕ್ಷೆಯ ಉತ್ತರ ಪತ್ರಿಕೆಯ ಅಂಚಿನಲ್ಲಿ ಹೆಸರು, ವಯಸ್ಸು, ಊರು, ಮತ್ತೆ ಅದೇ ನಾಲ್ವರು ಹಿರಿಯರನ್ನು ಬರೆದು, ಮಡಚಿ ಮುಚ್ಚಬೇಕಿತ್ತು. ಕೈಬರಹ ಗುರುತು ಸಿಗಬಾರದೆಂದು ಗುಮಾಸ್ತರು ಉತ್ತರವನ್ನು ಕೆಂಪು ಮಸಿಯಲ್ಲಿ ನಕಲು ಮಾಡಿದ ಮೇಲೆಯೇ ಪರೀಕ್ಷಕರ ಕೈಗೆ ಹೋಗುತ್ತಿತ್ತು. ಅಷ್ಟು ಜಾಗ್ರತೆಯ ವ್ಯವಸ್ಥೆಯಲ್ಲಿ ನಾಲ್ಕು ಹೆಸರು ಸರಿಯಿದ್ದರೆ ಹೆಣ್ಣೂ ದಾಟಿಬಿಡಬಹುದು. ಸುಂಗ್‌ಕ್ಯೂನ್‌ಕ್ವಾನ್ ಎಂಬ ಸರ್ಕಾರಿ ವಿದ್ಯಾಲಯದ ಒಳಗೆ ಸೇರಿದ ಮೇಲೆ ಕಷ್ಟ ಶುರು. ವಿದ್ಯಾರ್ಥಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಊಟದ ಮನೆಯಲ್ಲಿ ಹಾಜರಿದ್ದರೆ ಒಂದು ಅಂಕ, ಅಂಥ 300 ಅಂಕ ಸೇರಿದರೆ ಮಾತ್ರ ಮುಂದಿನ ಪರೀಕ್ಷೆಗೆ ಅರ್ಹತೆ. ತಲೆಮರೆಸಿಕೊಂಡು ಓದುವ ಹಾಗೇ ಇಲ್ಲ.

ಅರಮನೆಯಲ್ಲಿ ಇದು ಇನ್ನೂ ಬಿಗಿ. 2022ರಲ್ಲಿ ಇಂಟರ್‌ನ್ಯಾಷನಲ್ ಎಮಿ ಪ್ರಶಸ್ತಿ ಪಡೆದ ‘ದ ಕಿಂಗ್ಸ್ ಅಫೆಕ್ಷನ್’ನಲ್ಲಿ ಪಾರ್ಕ್ ಉನ್-ಬಿನ್ ದನಿ ತಗ್ಗಿಸಿ, ಹೆಜ್ಜೆ ಅಗಲಿಸಿ ಯುವರಾಜನಾಗಿರುವುದು ಬಹಳ ಚೆನ್ನಾಗಿದೆ. ಆದರೆ ಜೋಸನ್ ರಾಜರಿಗೆ ಏಕಾಂತ ಎಂಬುದೇ ಇರಲಿಲ್ಲ. ಬಟ್ಟೆ ತೊಡಿಸಲು, ಸ್ನಾನ ಮಾಡಿಸಲು ಪರಿಚಾರಿಕೆಯರು. ಶೌಚಕ್ಕೂ ‘ಮೆಹ್ವಾತುಲ್’ ಎಂಬ ಪೀಠ ತರುತ್ತಿದ್ದರು. ಕೆಳಗಿನ ಪಾತ್ರೆಯಲ್ಲಿ ಬಿದ್ದದ್ದನ್ನು ಆರೋಗ್ಯ ಹೇಗಿದೆ ಎಂದು ತಿಳಿಯಲು ವೈದ್ಯರು ಪರೀಕ್ಷಿಸುತ್ತಿದ್ದರು. ಒಬ್ಬ ಹಿರಿಯ ಪರಿಚಾರಿಕೆ, ಒಬ್ಬ ಸೇವಕ ಇಬ್ಬರೇ ಗುಟ್ಟು ಕಾಯುವ ಏರ್ಪಾಟು ಕಥೆಗೆ ಚೆಂದ, ನಿಜದಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಲೇಡಿ ಓಕ್‌ಳ ವೇಷ ನಂಬುವಂತಿದೆ, ಇದು ನಂಬುವಂತಿಲ್ಲ. ಆದರೂ ನೋಡಿಸಿಕೊಂಡು ಹೋಗುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ನೋಡುವವರಿಗೆ ಕೈತಪ್ಪುವುದು ಮಾತಿನ ಮಟ್ಟ. ನೀನು, ನೀವು, ತಾವು ಎಲ್ಲವೂ ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿಬಿಡುತ್ತದೆ. ಕೊರಿಯನ್‌ನಲ್ಲಿ ಗೌರವ ಕೂರುವುದು ವಾಕ್ಯದ ಬಾಲದಲ್ಲಿ, ಕನ್ನಡದ ‘ಬಾ’, ‘ಬನ್ನಿ’ಯ ಹಾಗೆ. ಕೇಳುವಾಗ ಕಿವಿ ಅಲ್ಲಿಡಿ. ‘ನುನ್ಯಾ’, ‘ಗೊರಾ’ ಎಂದು ಮುಗಿದರೆ ಮೇಲಿನವರು ಕೆಳಗಿನವರಿಗೆ ಹೇಳುತ್ತಿದ್ದಾರೆ. ‘ಸೊಸೊ’ ಎಂದು ಮುಗಿದರೆ ಬೇಡಿಕೆ, ಕೆಳಗಿನಿಂದ ಮೇಲಕ್ಕೆ. ‘ಜೊನ್ಹಾ’ ಎಂದರೆ ರಾಜ, ‘ಜೊಹಾ’ ಎಂದರೆ ಯುವರಾಜ. ಆಳುಗಳು ತಮ್ಮನ್ನು ತಾವು ‘ಸ್ವೆನ್ನೆ’ ಎಂದು ಕರೆದುಕೊಳ್ಳುತ್ತಾರೆ, ‘ಈ ಕಡುಸಣ್ಣವಳು’ ಎಂಬ ಹಾಗೆ. ಮನೆಯ ಎಳೆಯ ಒಡತಿಗೆ ‘ಆಶ್ಶಿ’, ಯಜಮಾನಿಗೆ ‘ಮಾನಿಮ್’.

ಮೊದಲ ಎರಡು ಕಂತನ್ನು ಒಮ್ಮೆ ಸಬ್‌ಟೈಟಲ್ ಓದಿ ಮುಗಿಸಿ, ಆಮೇಲೆ ಪರದೆ ಬಿಟ್ಟು ಕೇಳಿ. ಗುದೊಕ್‌ಳ ಬಾಯಲ್ಲಿ ‘ಸ್ವೆನ್ನೆ’ ಎಲ್ಲೆಲ್ಲಿ ಬರುತ್ತದೆ, ತೆಯಂಗ್ ಆದ ಮೇಲೆ ವಾಕ್ಯದ ಬಾಲ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಲಿಮ್ ಜಿ-ಯೊನ್ ಜೊತೆಗೆ ಕಣ್ಣನ್ನೂ ಬದಲಿಸುತ್ತಾರೆ: ತೊತ್ತಾಗಿದ್ದಾಗ ನೋಟ ಎದುರಿನವರ ಎದೆಯಿಂದ ಮೇಲಕ್ಕೆ ಏರುವುದು ಕಡಿಮೆ, ಒಡತಿಯಾದಾಗ ನೇರ ಕಣ್ಣಿಗೆ. ಹಳೆಯ ಮನೆಯವರು ಎದುರಾದಾಗ ಈ ನಟಿಯ ಕೈಗಳನ್ನು ನೋಡಿ. ಮುಖ ತೆಯಂಗ್‌ಳದೇ ಆಗಿರುತ್ತದೆ, ಬೆರಳುಗಳು ಲಂಗದ ಮಡಿಕೆಯನ್ನು ಹುಡುಕುತ್ತವೆ.