ನೋವು ಬೆನ್ನಿನಲ್ಲಿ, ಬಿಗಿತ ಎದೆಯಲ್ಲಿ

ಉಪ್ಪಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿಯೇ ಅಮ್ಮ ನಮ್ಮನ್ನು ಓದಿಸಿದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ಅದರ ಮೇಲೆ ಬಾಗಿದ ತಲೆ. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೈ ನಿಂತರೆ ಸಂಪಾದನೆಯೂ ನಿಲ್ಲುತ್ತದೆ. ಹಾಗಾಗಿ ಹೆಗಲೆಲುಬುಗಳ ನಡುವೆ ಉರಿಯುವ ನೋವಿಗೆ ಎಣ್ಣೆ ಹಚ್ಚಿಕೊಂಡೇ ವರ್ಷಗಳನ್ನು ದೂಡಿದಳು. ನೆಟ್ಟಗೆ ಕುಳಿತುಕೋ ಎಂದು ಹೇಳದವರಿಲ್ಲ. ಕುಳಿತರೂ ಹತ್ತು ಬೀಡಿ ಕಟ್ಟುವುದರೊಳಗೆ ಭುಜ ಮತ್ತೆ ಮುಂದಕ್ಕೆ ಬರುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅವಳನ್ನು ಕಾಸರಗೋಡಿನ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ ಕರೆದುಕೊಂಡು ಹೋದೆ. ಅವರು ಮಲಯಾಳದಲ್ಲಿ ಕೇಳಿದರು, ಅಮ್ಮ ತುಳುವಿನಲ್ಲಿ ಉತ್ತರಿಸಿದಳು, ಇಬ್ಬರಿಗೂ ತೊಂದರೆಯಾಗಲಿಲ್ಲ. ನೋಯುವ ಬೆನ್ನನ್ನು ಮುಟ್ಟುವ ಮೊದಲೇ ಅವರು ಅಮ್ಮನನ್ನು ಅಂಗಾತ ಮಲಗಿಸಿದರು. ಎರಡು ಭುಜಗಳೂ ಮಂಚಕ್ಕೆ ತಾಗದೆ ಮೇಲೆಯೇ ನಿಂತವು. ಕಾಲರ್ ಎಲುಬಿನ ಕೆಳಗೆ, ಭುಜದ ಹತ್ತಿರ ಬೆರಳಿನಿಂದ ಒತ್ತಿದಾಗ ಅಮ್ಮ ಮುಖ ಕಿವುಚಿದಳು.

ಅಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ಸಣ್ಣ ಸ್ನಾಯು ಇದೆಯಂತೆ. ಮೂರನೆಯಿಂದ ಐದನೆಯವರೆಗಿನ ಪಕ್ಕೆಲುಬುಗಳಿಂದ ಹೊರಟು ಹೆಗಲೆಲುಬಿನ ಮುಂದಿನ ಚಾಚಿಗೆ ಅಂಟಿಕೊಳ್ಳುತ್ತದೆ. ಕೈಗಳನ್ನು ಮುಂದಿಟ್ಟು ಬಾಗಿ ಕುಳಿತೇ ದಿನ ಕಳೆದರೆ ಅದು ಬಿಗಿದು ಹೆಗಲೆಲುಬನ್ನು ಮುಂದಕ್ಕೂ ಕೆಳಕ್ಕೂ ಎಳೆಯುತ್ತದೆ. ಬೆನ್ನಿನ ಸ್ನಾಯುಗಳು ಹಗಲಿಡೀ ಆ ಎಳೆತವನ್ನು ತಡೆದು ದಣಿಯುತ್ತವೆ. "ಬೆನ್ನು ತಪ್ಪು ಮಾಡಿಲ್ಲ ಅಮ್ಮಾ, ಅದು ದುಡಿದು ಸೋತಿದೆ" ಎಂದರು. ಅಷ್ಟು ಕಾಲದ ಎಣ್ಣೆ ತಿಕ್ಕುವಿಕೆಗಿಂತ ಆ ಒಂದು ಮಾತು ನನಗೆ ಹೆಚ್ಚು ದಾರಿ ತೋರಿಸಿತು.

ನಂತರ ಬಾಗಿಲ ಬಳಿ ನಿಲ್ಲಿಸಿದರು. ಮೊಣಕೈಗಳು ಭುಜದ ಮಟ್ಟಕ್ಕೆ, ಮುಂಗೈಗಳು ದಾರಂದದ ಎರಡು ಬದಿಗೆ, ಒಂದು ಕಾಲು ಮುಂದೆ. ಇಡೀ ಮೈಯನ್ನು ನಿಧಾನವಾಗಿ ಮುಂದಕ್ಕೆ ತಂದು ಎದೆಯಲ್ಲಿ ಹಿತವಾದ ಎಳೆತ ತಿಳಿದಲ್ಲಿ ನಿಲ್ಲಬೇಕು. 30 ಸೆಕೆಂಡು, ಉಸಿರು ಕಟ್ಟದೆ, ಎರಡು ಮೂರು ಸಲ. ಸೊಂಟವನ್ನು ಹಿಂದಕ್ಕೆ ಬಳುಕಿಸಿದರೆ ಎಳೆತ ಎದೆಗೆ ತಲುಪುವುದೇ ಇಲ್ಲ. ಭುಜದ ಕೀಲಿನಲ್ಲಿ ಚುಚ್ಚಿದರೆ ಅಥವಾ ಬೆರಳು ಜುಮುಗುಟ್ಟಿದರೆ ಬಿಡಬೇಕು. ಎದೆಯನ್ನು ಸಡಿಲಿಸಿದರೆ ಮಾತ್ರ ಸಾಲದು, ಹೆಗಲೆಲುಬುಗಳನ್ನು ಹಿಂದಕ್ಕೆ ಸೇರಿಸಿ ಹಿಡಿದು ಬೆನ್ನಿಗೂ ಬಲ ಕೊಡಬೇಕು. ಇದನ್ನು ಅವರು ಒತ್ತಿ ಹೇಳಿದರು.

"ಬೀಡಿ ಬಿಡಬೇಕಾ?" ಎಂಬುದೊಂದೇ ಅಮ್ಮನ ಪ್ರಶ್ನೆಯಾಗಿತ್ತು. ಬೇಡ, ನಡುನಡುವೆ ಎದ್ದರೆ ಸಾಕು ಎಂದಾಗ ಅವಳ ಮುಖ ಬೆಳಗಿತು.

ನೋವು ಪೂರ್ತಿ ಹೋಗಿಲ್ಲ. ಆದರೆ ಸಂಜೆಯ ಉರಿ ತಗ್ಗಿದೆ, ರಾತ್ರಿ ನಿದ್ದೆ ಬರುತ್ತಿದೆ. ಜೊತೆಗೆ ಬೀಡಿ ಕಟ್ಟಲು ಬರುವ ಪಕ್ಕದ ಮನೆಯ ಅಕ್ಕನಿಗೂ ಅಮ್ಮನೇ ಕಲಿಸಿದ್ದಾಳೆ. ಕಟ್ಟಿದ ಬೀಡಿ ಕೊಡಲು ಬ್ರಾಂಚಿನಲ್ಲಿ ಸಾಲು ನಿಲ್ಲುವ ಹೆಂಗಸರಿಗೂ ಬಲ್ಲವರು ಬಂದು ಇದನ್ನು ತೋರಿಸಿಕೊಡಬೇಕು ಎಂದು ನನ್ನ ಆಸೆ. ಆರೋಗ್ಯ ಕೇಂದ್ರದಲ್ಲಿ ಈ ಬಗ್ಗೆ ಕೇಳಿಕೊಂಡಿದ್ದೇನೆ, ಮತ್ತೆಯೂ ಕೇಳುತ್ತೇನೆ.